ತಲೆಯ ಮೇಲೊಂದು ಧೂಳಿನ ಲೆಕ್ಕ

ಆಸ್ಪತ್ರೆಯಲ್ಲಿ ಟೋಕನ್ ಹಿಡಿದು ಕೂತಾಗ, ಬ್ಯಾಂಕಿನ ಸರದಿಯಲ್ಲಿ ನಿಂತಾಗ, ಆಫೀಸಿನ ಮೀಟಿಂಗಿನಲ್ಲಿ ಆಕಳಿಕೆ ತಡೆದುಕೊಳ್ಳುವಾಗ ಒಮ್ಮೆ ಕತ್ತೆತ್ತಿ ಸೀಲಿಂಗ್ ನೋಡಿ. ಟ್ಯೂಬ್‌ಲೈಟು, ಏಸಿಯ ಜಾಲರಿಗಳ ನಡುವೆ ಅಂಗೈಯಗಲದ ಬಿಳಿ ಪ್ಲಾಸ್ಟಿಕ್ ಗುಬಟು ಒಂದು ಅಂಟಿಕೊಂಡಿರುತ್ತದೆ. ಸುತ್ತಲೂ ಸೀಳುಗಳು, ಬದಿಯಲ್ಲಿ ಆಗೀಗ ಮಿಣುಕುವ ಕೆಂಪು ಚುಕ್ಕೆ. ಸ್ಮೋಕ್ ಡಿಟೆಕ್ಟರ್! ಹೊಗೆ ಕಂಡರೆ ಕೂಗುತ್ತದೆ, ಕಾಣದಿದ್ದರೆ ಸುಮ್ಮನಿರುತ್ತದೆ. ನಮಗೆ ಗೊತ್ತಿರುವುದು ಇಷ್ಟೇ.

ಆದರೆ ಅದು ಸುಮ್ಮನಿರುವುದೇ ಇಲ್ಲ! ಬೆಂಕಿಯ ಸುಳಿವೂ ಇಲ್ಲದ ಮಂಗಳವಾರದ ಮಧ್ಯಾಹ್ನ, ಎಲ್ಲರೂ ಮನೆಗೆ ಹೋದ ನಡುರಾತ್ರಿ, ಬೀಗ ಜಡಿದ ಭಾನುವಾರ, ಯಾವ ಹೊತ್ತಿನಲ್ಲೂ ಅದಕ್ಕೊಂದು ಕೆಲಸವಿದೆ. ತನ್ನ ಹೊಟ್ಟೆಯೊಳಗೆ ಎಷ್ಟು ಧೂಳು ಕೂತಿದೆ ಎಂದು ತಾನೇ ಅಳೆದುಕೊಳ್ಳುವ ಕೆಲಸ. ಅಳೆದು, ಹಿಂದಿನ ಲೆಕ್ಕದ ಜೊತೆ ಹೋಲಿಸಿ, ತನ್ನ ಕಣ್ಣನ್ನು ತಾನೇ ಸರಿಪಡಿಸಿಕೊಂಡು, ಇನ್ನು ಸಾಧ್ಯವಿಲ್ಲ ಎಂಬ ಗಡಿ ಮುಟ್ಟಿದಾಗ ನೆಲಮಹಡಿಯ ಫೈರ್ ಅಲಾರಂ ಪ್ಯಾನೆಲ್‌ಗೆ ಸುದ್ದಿ ಕಳಿಸುತ್ತದೆ: ನಾನು ಕೊಳೆಯಾಗಿದ್ದೇನೆ, ಬಂದು ನೋಡಿ!

ಧೂಳಿನ ಈ ಅಂಕಿ ಆ ಕಟ್ಟಡದಲ್ಲೇ ಇರುತ್ತದೆ. ಪ್ಯಾನೆಲ್ಲಿನ ಪುಟ್ಟ ಪರದೆಯ ಮೇಲೆ, ನಾಲ್ಕು ಗುಂಡಿ ಒತ್ತಿದರೆ ಸಿಗುವಷ್ಟು ಹತ್ತಿರದಲ್ಲಿ. ಅದನ್ನು ನೋಡುವವರು ಎಷ್ಟು ಮಂದಿ? ಅಲ್ಲೇ ಇರುವುದು ಕತೆ.

ಬೆಳಕು ಕಾಣಬಾರದ ಕಣ್ಣು

ಮೊದಲು ಒಳಗೆ ಇಣುಕೋಣ. ಮುಚ್ಚಳ ತೆಗೆದರೆ ಕಪ್ಪು ಪ್ಲಾಸ್ಟಿಕ್ಕಿನ ಒಂದು ಚಕ್ರವ್ಯೂಹ! ಗಾಳಿಗೆ ದಾರಿಯಿದೆ, ಬೆಳಕಿಗೆ ಇಲ್ಲ. ಬಾಗಿದ ರೆಕ್ಕೆಗಳು ಒಂದರ ಹಿಂದೊಂದು ನಿಂತು ಹೊರಗಿನ ಬೆಳಕನ್ನು ತಡೆಯುತ್ತವೆ. ಸುತ್ತ ಸಣ್ಣ ಕಣ್ಣಿನ ಬಲೆ, ಹುಳು ಹುಪ್ಪಟೆ ನುಗ್ಗದಂತೆ. ನಡುವೆ ಎರಡೇ ಎರಡು ಪಾತ್ರಧಾರಿಗಳು: ಒಂದು ಎಲ್‌ಇಡಿ, ಒಂದು ಫೋಟೊಡಯೋಡ್. ಒಂದು ಬೆಳಕು ಬಿಡುತ್ತದೆ, ಇನ್ನೊಂದು ಬೆಳಕು ಹಿಡಿಯುತ್ತದೆ.

ಇಲ್ಲೊಂದು ಸೊಗಸಾದ ಕುತಂತ್ರವಿದೆ. ಎರಡನ್ನೂ ಎದುರುಬದುರು ಇಟ್ಟಿಲ್ಲ! ಓರೆಯಾಗಿ ಇಟ್ಟಿದ್ದಾರೆ. ಎಲ್‌ಇಡಿಯ ಬೆಳಕು ನೇರ ಹೋಗಿ ಕಪ್ಪು ಗೋಡೆಗೆ ಬಡಿದು ಸಾಯಬೇಕು. ಫೋಟೊಡಯೋಡ್ ಕತ್ತಲಲ್ಲೇ ಇರಬೇಕು. ಅಂದರೆ ಈ ಕಣ್ಣಿನ ಕೆಲಸ ಏನನ್ನೂ ಕಾಣದೇ ಇರುವುದು. ಹೊಗೆ ನುಗ್ಗಿದಾಗ ಮಾತ್ರ ಅದರ ಕಣಗಳಿಗೆ ತಾಗಿದ ಬೆಳಕು ದಿಕ್ಕು ತಪ್ಪಿ ನಾಲ್ಕೂ ಕಡೆ ಚದುರುತ್ತದೆ. ಚದುರಿದ್ದರಲ್ಲಿ ಒಂದು ಚೂರು ಫೋಟೊಡಯೋಡ್ ಮೇಲೆ ಬಿದ್ದರೆ ಸಾಕು, ವಿದ್ಯುತ್ ಸಂಕೇತ ಹುಟ್ಟುತ್ತದೆ. ಆ ಬೆಳಕು ನಮ್ಮ ಕಣ್ಣಿಗೆ ಕಾಣದ ಅವಗೆಂಪು ಕಿರಣ, ಕ್ಷಣದ ಸಣ್ಣ ಚೂರಿನಷ್ಟು ಹೊತ್ತು ಮಿಂಚಿ ಆರುತ್ತದೆ. ಸೆಕೆಂಡಿಗೆ ಒಂದು ಮಿಂಚು ಎಂದಿಟ್ಟುಕೊಳ್ಳಿ. ದಿನಕ್ಕೆ 86,400 ಸಲ ಅದೇ ಒಂದು ಪ್ರಶ್ನೆ: ಒಳಗೆ ಏನಾದರೂ ಇದೆಯೇ?

ಇದರ ಮೂಲ ಹುಡುಕುತ್ತ ಹೊರಟರೆ ನೇರ ಹೋಗಿ ನಿಲ್ಲುವುದು ಹತ್ತೊಂಬತ್ತನೇ ಶತಮಾನದ ಲಂಡನ್ನಿನಲ್ಲಿ. ರಾಯಲ್ ಇನ್‌ಸ್ಟಿಟ್ಯೂಷನ್ನಿನ ಐರಿಷ್ ಭೌತವಿಜ್ಞಾನಿ ಜಾನ್ ಟಿಂಡಾಲ್ ಗಾಳಿಯಲ್ಲಿ ತೇಲುವ ಧೂಳಿನ ಬೆನ್ನು ಹತ್ತಿದ್ದರು. ಕತ್ತಲ ಕೋಣೆಗೆ ಬಿಟ್ಟ ಬೆಳಕಿನ ಕೋಲು ಕಾಣುವುದೇ ಧೂಳಿನಿಂದ. ಧೂಳಿಲ್ಲದಿದ್ದರೆ ಕೋಲೂ ಇಲ್ಲ! ಇದನ್ನು ತೋರಿಸಲು ಅವರು ಒಂದು ಪೆಟ್ಟಿಗೆ ಮಾಡಿದರು. ಒಳಗೋಡೆಗೆಲ್ಲ ಗ್ಲಿಸರಿನ್ ಬಳಿದು ಮುಚ್ಚಿಟ್ಟರು. ತೇಲುತ್ತಿದ್ದ ಧೂಳೆಲ್ಲ ಕೆಲವು ದಿನಗಳಲ್ಲಿ ಅಂಟಿಗೆ ಅಂಟಿ ಕೂತಿತು. ಆಮೇಲೆ ಬೆಳಕು ಬಿಟ್ಟರೆ ಪೆಟ್ಟಿಗೆಯೊಳಗೆ ಬರೀ ಕತ್ತಲು. ಬೆಳಕು ಹಾದುಹೋಗುತ್ತಿದೆ, ಆದರೆ ಕಾಣುತ್ತಿಲ್ಲ!

ಸೀಲಿಂಗಿನ ಮೇಲಿರುವುದು ಅದೇ ಪೆಟ್ಟಿಗೆ. ಇನ್ನೂ ಒಂದು ಬೆರಗು ಕೇಳಿ. ಇದೇ ಟಿಂಡಾಲ್ 1870ರ ದಶಕದ ಆರಂಭದಲ್ಲಿ ಲಂಡನ್ನಿನ ಅಗ್ನಿಶಾಮಕ ದಳದವರಿಗಾಗಿ ಹೊಗೆಯಲ್ಲೂ ಉಸಿರಾಡಬಲ್ಲ ಮುಖವಾಡ ಒಂದನ್ನು ರೂಪಿಸಿದರು. ಗ್ಲಿಸರಿನ್ನಿನಲ್ಲಿ ತೋಯಿಸಿದ ಹತ್ತಿ, ಇದ್ದಿಲು ಅದರ ಒಳಸಾಮಗ್ರಿ. ಧೂಳು, ಬೆಳಕು, ಹೊಗೆ, ಬೆಂಕಿ ಆರಿಸುವವರು: ಈ ನಾಲ್ಕೂ ಒಬ್ಬನೇ ಮನುಷ್ಯನ ತಲೆಯಲ್ಲಿ ನೂರೈವತ್ತು ವರ್ಷದ ಹಿಂದೆಯೇ ಒಟ್ಟಿಗೆ ಸೇರಿದ್ದವು!

ಸಿಗರೇಟು ಮಾಡಿದ ಸಂಶೋಧನೆ

ಬೆಳಕಿನ ದಾರಿಗೆ ಮೊದಲು ಇನ್ನೊಂದು ದಾರಿ ಗೆದ್ದಿತ್ತು. 1930ರ ದಶಕದ ಕೊನೆ, ಸ್ವಿಟ್ಜರ್ಲೆಂಡ್. ವಾಲ್ಟರ್ ಯೇಗರ್ ಎಂಬ ಭೌತವಿಜ್ಞಾನಿ ವಿಷಾನಿಲ ಪತ್ತೆಹಚ್ಚುವ ಸಾಧನ ಮಾಡಲು ಹೆಣಗುತ್ತಿದ್ದರು. ಒಂದಿಷ್ಟು ಗಾಳಿಯನ್ನು ವಿಕಿರಣದಿಂದ ಅಯಾನುಗಳಾಗಿ ಒಡೆದು, ಅದರ ಮೂಲಕ ಸಣ್ಣ ವಿದ್ಯುತ್ ಹರಿಸುವುದು; ವಿಷಾನಿಲ ಬಂದರೆ ವಿದ್ಯುತ್ ಬದಲಾಗಬೇಕು. ವಿಷಾನಿಲ ಬಿಟ್ಟರು, ಮುಳ್ಳು ಅಲುಗಲಿಲ್ಲ. ಬೇಸರದಲ್ಲಿ ಸಿಗರೇಟು ಹಚ್ಚಿದರು. ಮುಳ್ಳು ಬಿತ್ತು! ಹೊಗೆಯ ಕಣಗಳು ಅಯಾನುಗಳಿಗೆ ಅಂಟಿಕೊಂಡು ವಿದ್ಯುತ್ತಿನ ಹರಿವನ್ನು ತಗ್ಗಿಸಿದ್ದವು. 1960ರ ದಶಕದಲ್ಲಿ ಅಮೆರಿಕದ ಡ್ಯುಯೇನ್ ಪಿಯರ್ಸಲ್ ಅವರ ತಂಡ ಸ್ಥಿರವಿದ್ಯುತ್ತನ್ನು ತೊಲಗಿಸುವ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದಾಗ ಮತ್ತೆ ಸಿಗರೇಟಿನ ಹೊಗೆಗೇ ಮೀಟರಿನ ಮುಳ್ಳು ಬಿತ್ತು. ಮನೆಮನೆಯ ಬ್ಯಾಟರಿ ಡಿಟೆಕ್ಟರ್ ಹುಟ್ಟಿದ್ದು ಅಲ್ಲಿಂದ.

ಆ ಜಾತಿಯ ಡಿಟೆಕ್ಟರಿನೊಳಗೆ ಅಮೆರಿಸಿಯಂ-241 ಎಂಬ ಮಾನವನಿರ್ಮಿತ ಧಾತುವಿನ ಕಣವಿರುತ್ತದೆ, ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅದರ ಅರ್ಧಾಯುಷ್ಯ ಸುಮಾರು 432 ವರ್ಷ. ಗ್ಲೆನ್ ಸೀಬೋರ್ಗ್ ಈ ಧಾತುವಿನ ಸುದ್ದಿಯನ್ನು 1945ರ ನವೆಂಬರ್ 11ರಂದು ಮೊದಲು ಬಾಯಿಬಿಟ್ಟದ್ದು ಮಕ್ಕಳ ರೇಡಿಯೊ ಕಾರ್ಯಕ್ರಮವೊಂದರಲ್ಲಿ! ಅಣುಬಾಂಬಿನ ಗುಟ್ಟಿನ ಕೋಣೆಯಿಂದ ಹೊರಟದ್ದು ಅಡುಗೆಮನೆಯ ಪಕ್ಕದ ಗೋಡೆಗೆ ಬಂದು ಕೂತಿತು.

ಇಂದಿನ ದೊಡ್ಡ ಕಟ್ಟಡಗಳ ಫೈರ್ ಅಲಾರಂ ವ್ಯವಸ್ಥೆಯಲ್ಲಿ ಬೆಳಕಿನ ಡಿಟೆಕ್ಟರುಗಳದ್ದೇ ಕಾರುಬಾರು. ಆದರೆ ಎರಡೂ ಜಾತಿಗೆ ಒಬ್ಬನೇ ಶತ್ರು. ಬೆಳಕಿಗೂ ಅಯಾನಿಗೂ, ಕಣ ಅಂದರೆ ಕಣವೇ. ಹೊಗೆಯದ್ದೋ ಧೂಳಿನದ್ದೋ ಎಂಬ ಭೇದ ಅವಕ್ಕೆ ಗೊತ್ತಿಲ್ಲ.

25 ಎಂಬ ಶುದ್ಧ ಗಾಳಿ

ಧೂಳು ಮಾಡುವ ಕಿತಾಪತಿ ಎರಡು ಬಗೆಯದು, ಒಂದಕ್ಕೊಂದು ತದ್ವಿರುದ್ಧ! ಕಪ್ಪು ಗೋಡೆಯ ಮೇಲೆ ಬೂದುಬಣ್ಣದ ಧೂಳು ಕೂತರೆ ಗೋಡೆ ಬೆಳಕನ್ನು ನುಂಗುವುದನ್ನು ಬಿಟ್ಟು ಹಿಂದಕ್ಕೆ ಎಸೆಯತೊಡಗುತ್ತದೆ. ಹೊಗೆಯಿಲ್ಲದಿದ್ದರೂ ಫೋಟೊಡಯೋಡಿಗೆ ಬೆಳಕು ಕಾಣುತ್ತದೆ. ಆಗ ಡಿಟೆಕ್ಟರ್ ಮುಂಗೋಪಿಯಾಗುತ್ತದೆ. ಸಾಸಿವೆ ಸಿಡಿದರೆ, ಊದುಬತ್ತಿ ಹಚ್ಚಿದರೆ, ಬಾತ್‌ರೂಮಿನ ಬಾಗಿಲು ತೆರೆದು ಹಬೆ ಬಂದರೆ ಕಿರುಚುತ್ತದೆ. ಅದೇ ಧೂಳು ಗೋಡೆ ಬಿಟ್ಟು ಎಲ್‌ಇಡಿಯ ಮೇಲೋ ಫೋಟೊಡಯೋಡಿನ ಮೇಲೋ ಪರೆಗಟ್ಟಿದರೆ? ಬೆಳಕು ಹೊರಡುವುದೇ ಕಡಿಮೆ, ಸೇರುವುದೇ ಕಡಿಮೆ. ನಿಜವಾದ ಹೊಗೆ ಬಂದರೂ ಡಿಟೆಕ್ಟರಿಗೆ ಮಂಪರು. ಮೊದಲನೆಯದು ಕಿವಿಗೆ ಗೊತ್ತಾಗುತ್ತದೆ. ಎರಡನೆಯದು ಯಾರಿಗೂ ಗೊತ್ತಾಗುವುದಿಲ್ಲ.

ಅಂಕಿಯಲ್ಲಿ ನೋಡಿದರೆ ಇದು ಕಣ್ಣಿಗೆ ಕಟ್ಟುತ್ತದೆ. ಬ್ರಿಟನ್ನಿನ ಅಪೋಲೊ ಕಂಪನಿಯ ಎಕ್ಸ್‌ಪಿ95 ಎಂಬ ಹೆಸರಾಂತ ಅನಲಾಗ್ ಡಿಟೆಕ್ಟರನ್ನು ತೆಗೆದುಕೊಳ್ಳಿ. ಅದು ಪ್ಯಾನೆಲ್‌ಗೆ ಬರೀ ಹೌದು-ಇಲ್ಲ ಹೇಳುವುದಿಲ್ಲ, ಒಂದು ಸಂಖ್ಯೆ ಹೇಳುತ್ತದೆ. ಶುದ್ಧ ಗಾಳಿಯಲ್ಲಿ ಆ ಸಂಖ್ಯೆ 25ರ ಆಸುಪಾಸು. 45 ಮುಟ್ಟಿದರೆ ಮುನ್ನೆಚ್ಚರಿಕೆ. 55 ಮುಟ್ಟಿದರೆ ಬೆಂಕಿ ಎಂಬ ಅಲಾರಂ. ಹೊಸ ಡಿಟೆಕ್ಟರಿಗೆ ಅಲಾರಂ ಹೊಡೆಯಲು 30 ಹೆಜ್ಜೆಯ ಹೊಗೆ ಬೇಕು. ಧೂಳು ಕೂತು ಶುದ್ಧ ಗಾಳಿಯ ಸಂಖ್ಯೆಯೇ 40ಕ್ಕೆ ಏರಿತು ಎನ್ನಿ. ಇನ್ನು 15 ಹೆಜ್ಜೆ ಸಾಕು, ಅರ್ಧದಷ್ಟು ಹೊಗೆಗೇ ಇಡೀ ಕಟ್ಟಡ ಮೆಟ್ಟಿಲಿಳಿದು ಬೀದಿಗೆ! ಉಲ್ಟಾ ಆಗಿ 15ಕ್ಕೆ ಇಳಿದರೆ 40 ಹೆಜ್ಜೆ ಬೇಕು. ಅಷ್ಟರಲ್ಲಿ ಬೆಂಕಿ ಎಲ್ಲಿಗೆ ಹೋಗಿರುತ್ತದೋ! ತೀರಾ ಕೆಳಗೆ, 8ಕ್ಕೂ ಕೆಳಗೆ ಬಿದ್ದರೆ ಪ್ಯಾನೆಲ್ ಅದನ್ನು ದೋಷ ಎಂದು ಗುರುತಿಸುತ್ತದೆ.

ಒಂದೇ ಒಂದು ಸಂಖ್ಯೆ. ಅದರಲ್ಲಿ ಆ ಕೋಣೆಯ ಒಂದಿಡೀ ವರ್ಷದ ಧೂಳಿನ ಚರಿತ್ರೆ!

ತಾಳ್ಮೆಯಿಂದ ಗೆಲ್ಲುವ ಜಾಣ್ಮೆ

ಈಗ ಬರುತ್ತದೆ ಈ ಕತೆಯ ಅತ್ಯಂತ ಸುಂದರವಾದ ಘಟ್ಟ. ಧೂಳನ್ನೂ ಹೊಗೆಯನ್ನೂ ಬೇರ್ಪಡಿಸಲಾರದ ಕಣ್ಣಿಗೆ ಎಂಜಿನಿಯರುಗಳು ಏನನ್ನು ಕೊಟ್ಟರು ಗೊತ್ತೇ? ಸಮಯದ ಅರಿವನ್ನು!

ಹೊಗೆ ಅವಸರದ್ದು. ಸೆಕೆಂಡುಗಳಲ್ಲಿ, ಹೆಚ್ಚೆಂದರೆ ನಿಮಿಷಗಳಲ್ಲಿ ಸಂಖ್ಯೆಯನ್ನು ಮೇಲೆತ್ತುತ್ತದೆ. ಧೂಳು ನಿಧಾನಸ್ಥ. ಅದೇ ಏರಿಕೆಗೆ ಅದಕ್ಕೆ ವಾರಗಳು, ತಿಂಗಳುಗಳು ಬೇಕು. ಹಾಗಾದರೆ ಗಂಟೆಗಟ್ಟಲೆ, ದಿನಗಟ್ಟಲೆ ಬಂದ ಸಂಖ್ಯೆಗಳ ಸರಾಸರಿ ತೆಗೆಯುತ್ತ ಹೋಗಿ. ಸರಾಸರಿ ಮೆಲ್ಲಗೆ ಮೇಲೆ ಸರಿದರೆ ಅದು ಧೂಳು. ಅಷ್ಟನ್ನು ಲೆಕ್ಕದಿಂದ ಕಳೆದುಬಿಡಿ. ಸರಾಸರಿಯಿಂದ ಸಂಖ್ಯೆ ದಿಢೀರನೆ ಜಿಗಿದರೆ ಅದು ಹೊಗೆ, ಕೂಗಿ! ಎಣ್ಣೆ ಅಂಗಡಿಯಲ್ಲಿ ಮೊದಲು ಖಾಲಿ ಡಬ್ಬ ತೂಗಿ, ಆಮೇಲೆ ಎಣ್ಣೆ ಹುಯ್ದು, ಡಬ್ಬದ ತೂಕ ಕಳೆದು ದುಡ್ಡು ಹೇಳುತ್ತಾರಲ್ಲ, ಅದೇ ನ್ಯಾಯ. ಇಲ್ಲಿ ಡಬ್ಬ ದಿನದಿನಕ್ಕೆ ತುಸುತುಸುವೇ ಭಾರವಾಗುತ್ತಿರುತ್ತದೆ, ಆದ್ದರಿಂದ ಅದನ್ನು ತೂಗುವುದು ಎಂದೂ ನಿಲ್ಲುವುದಿಲ್ಲ.

ಈ ಕಸರತ್ತಿಗೆ ತಂತ್ರಜ್ಞರು ಡ್ರಿಫ್ಟ್ ಕಾಂಪೆನ್ಸೇಷನ್ ಎನ್ನುತ್ತಾರೆ. ಕೆಲವು ವ್ಯವಸ್ಥೆಗಳಲ್ಲಿ ಡಿಟೆಕ್ಟರೇ ಇದನ್ನು ಮಾಡಿಕೊಳ್ಳುತ್ತದೆ, ಕೆಲವುಗಳಲ್ಲಿ ಪ್ಯಾನೆಲ್ ಮಾಡುತ್ತದೆ. ಅಲಾರಮ್ಮಿನ ಗೆರೆ ಧೂಳಿನ ಜೊತೆಜೊತೆಗೇ ಮೇಲೆ ಸರಿಯುವುದರಿಂದ ಮೊದಲ ದಿನ ಎಷ್ಟು ಹೊಗೆಗೆ ಕೂಗುತ್ತಿತ್ತೋ ಮೂರನೇ ವರ್ಷವೂ ಅಷ್ಟೇ ಹೊಗೆಗೆ ಕೂಗುತ್ತದೆ.

ತಡೆಯಿರಿ, ಇಲ್ಲೊಂದು ಎದೆ ನಡುಗಿಸುವ ಅನುಮಾನ ಹುಟ್ಟುತ್ತದಲ್ಲವೇ? ಬೆಂಕಿಯೇ ಧೂಳಿನಷ್ಟು ನಿಧಾನವಾಗಿ ಬಂದರೆ? ಹಾಸಿಗೆಯ ಹತ್ತಿಯೊಳಗೆ ಕಿಡಿ ಬಿದ್ದು ಜ್ವಾಲೆಯಿಲ್ಲದೆ ಗಂಟೆಗಟ್ಟಲೆ ಒಳಗೊಳಗೇ ಹೊಗೆಯಾಡಿದರೆ, ಡಿಟೆಕ್ಟರ್ ಅದನ್ನೂ ಧೂಳೆಂದು ಕಳೆದುಬಿಡುವುದಿಲ್ಲವೇ? ಯುರೋಪಿನ ಇಎನ್ 54-7 ಮಾನದಂಡ ಬರೆದವರಿಗೂ ಇದೇ ಅನುಮಾನ ಬಂದಿತ್ತು! ನಿಧಾನವಾಗಿ ಬೆಳೆಯುವ ಬೆಂಕಿಯ ವಿಷಯದಲ್ಲಿ ಈ ಸರಿದೂಗಿಸುವಿಕೆ ಡಿಟೆಕ್ಟರನ್ನು ಗಣನೀಯವಾಗಿ ಮಂಕುಗೊಳಿಸಬಾರದು ಎಂದು ಅದರಲ್ಲಿ ಪ್ರತ್ಯೇಕ ನಿಯಮವೇ ಇದೆ. ಪರೀಕ್ಷೆಗೆಂದು ಹಚ್ಚುವ ಬೆಂಕಿಗಳ ಪಟ್ಟಿಯಲ್ಲಿ ಒಳಗೊಳಗೇ ಬೇಯುವ ಕಟ್ಟಿಗೆ, ಕನಲುವ ಹತ್ತಿಬತ್ತಿಗಳೂ ಇವೆ.

ಕ್ಷಮೆಗೂ ಒಂದು ಮಿತಿ

ಎಷ್ಟು ಧೂಳನ್ನು ಹೀಗೆ ಕಳೆಯುತ್ತ ಹೋಗಬಹುದು? ಅನಂತವಾಗಿ ಅಲ್ಲ. ಫೋಟೊಡಯೋಡಿಗೂ ಒಂದು ಮೇಲ್ಮಿತಿ ಇದೆ. ಅಷ್ಟು ಬೆಳಕು ಸದಾ ಬೀಳುತ್ತಿದ್ದರೆ ಹೊಗೆಯನ್ನು ತೋರಿಸಲು ಜಾಗವೇ ಉಳಿಯುವುದಿಲ್ಲ. ಆ ಮಿತಿ ಹತ್ತಿರವಾಗುತ್ತಿದ್ದಂತೆ ವ್ಯವಸ್ಥೆ ಮಾತಾಡತೊಡಗುತ್ತದೆ. ಸಿಂಪ್ಲೆಕ್ಸ್ ಕಂಪನಿಯ ಪ್ಯಾನೆಲ್ಲುಗಳು ಮೂರು ಮೆಟ್ಟಿಲಲ್ಲಿ ಹೇಳುತ್ತವೆ: ಆಲ್ಮೋಸ್ಟ್ ಡರ್ಟಿ, ಡರ್ಟಿ, ಎಕ್ಸೆಸಿವ್ಲಿ ಡರ್ಟಿ. ನೋಟಿಫೈಯರ್ ಕಂಪನಿಯ ಪ್ಯಾನೆಲ್ಲಿನ ಭಾಷೆ ಬೇರೆ: ಮೇಂಟೆನೆನ್ಸ್ ಅಲರ್ಟ್, ಆಮೇಲೆ ಮೇಂಟೆನೆನ್ಸ್ ಅರ್ಜೆಂಟ್, ಸಂಖ್ಯೆ ಕೆಳಕ್ಕೆ ಕುಸಿದರೆ ಲೋ ಚೇಂಬರ್ ವ್ಯಾಲ್ಯೂ. ಇನ್ನು ಕೆಲವು ಕಂಪನಿಗಳ ವ್ಯವಸ್ಥೆಯಲ್ಲಿ ಧೂಳಿನ ಮಟ್ಟ ಶೇಕಡಾವಾರಿನಲ್ಲೇ ಸಿಗುತ್ತದೆ. ನೂರಕ್ಕೆ ಹತ್ತಿರವಾದಷ್ಟೂ ಸರಿದೂಗಿಸುವ ಶಕ್ತಿ ಮುಗಿಯುತ್ತ ಬಂತೆಂದು ಅರ್ಥ.

ಯೋಚಿಸಿ ನೋಡಿ, ಅಡ್ರೆಸ್ಸಬಲ್ ವ್ಯವಸ್ಥೆಯಲ್ಲಿ ಪ್ರತಿ ಡಿಟೆಕ್ಟರಿಗೂ ಒಂದು ವಿಳಾಸವಿದೆ. ತಂತ್ರಜ್ಞ ಏಣಿ ಹತ್ತಬೇಕಿಲ್ಲ. ಪ್ಯಾನೆಲ್ಲಿನ ಮುಂದೆ ನಿಂತು ಪಾಸ್‌ವರ್ಡ್ ಒತ್ತಿ, ಲೂಪಿನ (ತಂತಿಯ ಸುತ್ತಿನ) ಸಂಖ್ಯೆ, ಡಿಟೆಕ್ಟರಿನ ಸಂಖ್ಯೆ ಕೊಟ್ಟರೆ ಏಳನೇ ಮಹಡಿಯ ಸರ್ವರ್ ರೂಮಿನ ಧೂಳು ನೆಲಮಹಡಿಯಲ್ಲೇ ಕಾಣುತ್ತದೆ! ಪ್ರಿಂಟರ್ ಇದ್ದರೆ ಇಡೀ ಕಟ್ಟಡದ ಪಟ್ಟಿಯೇ ಕೈಗೆ. ಹಾಗೆ ತೆಗೆದ ಪಟ್ಟಿಯನ್ನು ಓದುವುದೇ ಒಂದು ರೋಮಾಂಚನ. ಬಿಸಿಲು ಬೀಳದ, ಯಾರೂ ಓಡಾಡದ ರೆಕಾರ್ಡ್ ರೂಮಿನ ಡಿಟೆಕ್ಟರ್ ಹೊಸದರಂತಿರುತ್ತದೆ. ಏಸಿಯ ಗಾಳಿ ಹಿಂದಿರುಗುವ ಜಾಲರಿಯ ಪಕ್ಕದ್ದು, ಲಾಂಡ್ರಿಯ ಹೊರಗಿನದ್ದು, ರಸ್ತೆ ಕಡೆ ಕಿಟಕಿಯಿರುವ ಕೋಣೆಯದ್ದು ಮುಂದೆ ಓಡಿರುತ್ತವೆ. ಕಟ್ಟಡದೊಳಗೆ ಗಾಳಿ ಎಲ್ಲೆಲ್ಲಿ ಹರಿಯುತ್ತದೆ ಎಂಬ ನಕ್ಷೆಯನ್ನು ಯಾರೂ ಬರೆಯದೆಯೇ ಧೂಳು ಬರೆದುಬಿಟ್ಟಿರುತ್ತದೆ!

ಸ್ಪ್ರೇ ಹೊಡೆದರೆ ಸಾಕೇ?

ವರ್ಷಕ್ಕೊಮ್ಮೆ ಎಎಂಸಿಯವರು, ಅಂದರೆ ವಾರ್ಷಿಕ ನಿರ್ವಹಣೆಯ ಗುತ್ತಿಗೆದಾರರು, ಬರುತ್ತಾರೆ. ಉದ್ದ ಕೋಲಿನ ತುದಿಯ ಬಟ್ಟಲಿನಲ್ಲಿ ಕೃತಕ ಹೊಗೆಯ ಡಬ್ಬಿ ಸಿಕ್ಕಿಸಿ ಡಿಟೆಕ್ಟರಿಗೆ ಹಿಡಿಯುತ್ತಾರೆ. ಹೂಟರ್ ಕೂಗುತ್ತದೆ. ರಿಜಿಸ್ಟರಿನಲ್ಲಿ ಸರಿ ಎಂದು ಗುರುತು ಬೀಳುತ್ತದೆ. ಆ ಪರೀಕ್ಷೆ ಬೇಕೇ ಬೇಕು. ಹೊಗೆ ಸೀಳುಗಳ ಮೂಲಕ ಒಳಗೆ ಹೋಗುತ್ತದೆ, ತಂತಿ ಸರಿಯಿದೆ, ಹೂಟರ್ ಕೂಗುತ್ತದೆ ಎಂದು ಅದು ತೋರಿಸುತ್ತದೆ. ಆದರೆ ಎಷ್ಟು ಹೊಗೆಗೆ ಕೂಗಿತು? ಡಬ್ಬಿಯಿಂದ ಬಂದದ್ದು ಅಳತೆಯಿಲ್ಲದ ಹೊಗೆ. ಅರೆಮಂಪರಿನಲ್ಲಿರುವ ಡಿಟೆಕ್ಟರ್ ಕೂಡ ಅಷ್ಟು ದಟ್ಟ ಹೊಗೆಗೆ ಎದ್ದು ಕೂಗಿಬಿಡುತ್ತದೆ!

ಅಮೆರಿಕದ ಎನ್‌ಎಫ್‌ಪಿಎ 72 ಸಂಹಿತೆ ಇಲ್ಲಿ ಖಡಾಖಂಡಿತ. ಅಳತೆಯಿಲ್ಲದ ಹೊಗೆ ಬಿಟ್ಟು ಡಿಟೆಕ್ಟರಿನ ಸೂಕ್ಷ್ಮತೆಯನ್ನು ಪರೀಕ್ಷಿಸುವಂತಿಲ್ಲ. ಸೂಕ್ಷ್ಮತೆಯ ಪರೀಕ್ಷೆ ಬೇರೆಯೇ ಆಗಬೇಕು: ಅಳವಡಿಸಿದ ಒಂದು ವರ್ಷದೊಳಗೆ ಮೊದಲನೆಯದು, ಆಮೇಲೆ ವರ್ಷ ಬಿಟ್ಟು ವರ್ಷ. ಡಿಟೆಕ್ಟರ್ ತನ್ನ ಮಿತಿಯೊಳಗೇ ಇದೆ ಎಂದು ಖಾತ್ರಿಯಾದರೆ ಅಂತರವನ್ನು ಐದು ವರ್ಷದವರೆಗೆ ಹಿಗ್ಗಿಸಬಹುದು. ಪರೀಕ್ಷೆಗೆ ಅಳತೆಯ ಹೊಗೆ ಬಿಡುವ ಉಪಕರಣವಾದರೂ ಸರಿ, ತಯಾರಕರ ಮೀಟರಾದರೂ ಸರಿ, ಅದಕ್ಕೆಂದೇ ಮಾನ್ಯತೆ ಪಡೆದ ಪ್ಯಾನೆಲ್ಲಾದರೂ ಸರಿ. ನೋಡಿದಿರಾ, ಪ್ಯಾನೆಲ್ಲಿನ ಪರದೆಯ ಮೇಲಿನ ಆ ಸಂಖ್ಯೆ ಬರೀ ಕುತೂಹಲದ್ದಲ್ಲ, ಸಂಹಿತೆಯೇ ಒಪ್ಪುವ ಸಾಕ್ಷ್ಯ!

ಸೂಕ್ಷ್ಮತೆಯನ್ನು ಅಳೆಯುವ ಬಗೆಯೂ ಚೆಂದ. ಹೊಗೆ ತುಂಬಿದ ಗಾಳಿಯಲ್ಲಿ ಬೆಳಕು ಒಂದು ಅಡಿ ಸಾಗುವಷ್ಟರಲ್ಲಿ ನೂರರಲ್ಲಿ ಎಷ್ಟು ಪಾಲು ಕಳೆದುಹೋಯಿತು? ಅಡಿಗೆ ಶೇ 0.5ರಿಂದ ಶೇ 4ರ ನಡುವೆ ಡಿಟೆಕ್ಟರ್ ಎಚ್ಚರಗೊಳ್ಳಬೇಕು ಎಂಬುದು ಅಮೆರಿಕದ ಯುಎಲ್ 268 ಮಾನದಂಡದಲ್ಲಿ ಬಹುಕಾಲ ನಡೆದುಬಂದ ಮಿತಿ. ಎದುರಿನ ಗೋಡೆಯ ಕ್ಯಾಲೆಂಡರ್ ನಮಗೆ ಸ್ಪಷ್ಟವಾಗಿ ಕಾಣುತ್ತಿರುವಾಗಲೇ ಅದು ಕೂಗಬೇಕು, ಅಷ್ಟು ತೆಳು ಹೊಗೆ! ಜರ್ಮನಿಯವರು ಇನ್ನೂ ನೇರ. ಅಲ್ಲಿನ ಡಿಐಎನ್ 14675 ಮಾನದಂಡದ ಪ್ರಕಾರ ಸಾಮಾನ್ಯವಾಗಿ ಧೂಳನ್ನು ಸರಿದೂಗಿಸಿಕೊಳ್ಳಲಾರದ ಡಿಟೆಕ್ಟರಿಗೆ ಐದು ವರ್ಷ, ಸರಿದೂಗಿಸಿಕೊಳ್ಳಬಲ್ಲದ್ದಕ್ಕೆ ಎಂಟು ವರ್ಷ. ಆಮೇಲೆ ಬದಲಿಸು, ಇಲ್ಲವೇ ಕಾರ್ಖಾನೆಗೆ ಕಳಿಸಿ ಹೊಸದು ಮಾಡಿಸು. ನಮ್ಮಲ್ಲಿ ಈ ವ್ಯವಸ್ಥೆಗಳ ಆಯ್ಕೆ, ಅಳವಡಿಕೆ, ನಿರ್ವಹಣೆಗೆಂದೇ ಭಾರತೀಯ ಮಾನಕ ಬ್ಯೂರೊದ ಐಎಸ್ 2189 ಸಂಹಿತೆ ಇದೆ.

ಕರೆಯದೆ ಬರುವ ಅತಿಥಿಗಳು

ಧೂಳು ಎಂದೆವಲ್ಲ, ಅದು ಬರೀ ರಸ್ತೆಯ ಮಣ್ಣಲ್ಲ. ಬಟ್ಟೆಯ ಎಳೆ, ಕಾಗದದ ಪುಡಿ, ಮನುಷ್ಯರ ಚರ್ಮದ ಸಿಪ್ಪೆ, ಅಡುಗೆಯ ಎಣ್ಣೆಪಸೆ, ಸಿಗರೇಟಿನ ಮಸಿ. ಎಣ್ಣೆಪಸೆ ಅಂಟಿದ ಮೇಲೆ ಬಂದ ಧೂಳೆಲ್ಲ ಅಲ್ಲೇ ಠಿಕಾಣಿ ಹೂಡುತ್ತದೆ. ಬಲೆಗೆ ಜೇಡ ತನ್ನದೇ ಬಲೆ ಹೆಣೆಯುತ್ತದೆ. ಬ್ರಿಟನ್ನಿನಲ್ಲಿ ಬೇಸಗೆಯ ಕೊನೆಗೆ ಪೈರು ಮಾಗಿದಾಗ ಒಂದೆರಡು ಮಿಲಿಮೀಟರಿನ ಕೀಟಗಳು ಮೋಡದಂತೆ ಎದ್ದು ಡಿಟೆಕ್ಟರುಗಳೊಳಗೆ ನುಗ್ಗಿ ಸುಳ್ಳು ಅಲಾರಂ ಹೊಡೆಸುತ್ತವೆ. ಅವು ಯಾವುವು ಗೊತ್ತೇ? ಥ್ರಿಪ್ಸ್! ಬ್ಯಾಡಗಿಯ ಮೆಣಸಿನಕಾಯಿ ಬೆಳೆಗಾರರ ನಿದ್ದೆಗೆಡಿಸುವ, ಎಲೆಯನ್ನು ಮುಟುರಿಸುವ ಅದೇ ಕುಲ!

ಬೆಂಗಳೂರಿನಂಥ ಊರಿನಲ್ಲಂತೂ ಕಟ್ಟಡದ ಮೊದಲ ವರ್ಷವೇ ಡಿಟೆಕ್ಟರಿಗೆ ಅಗ್ನಿಪರೀಕ್ಷೆ. ಫ್ಲ್ಯಾಟಿನ ಬೀಗದ ಕೈ ಸಿಕ್ಕ ಮೇಲೆ ಶುರುವಾಗುತ್ತದೆ ಇಂಟೀರಿಯರ್ ಕೆಲಸ. ಪಿಒಪಿ ಉಜ್ಜುವುದು, ಪ್ಲೈವುಡ್ ಕೊಯ್ಯುವುದು, ಗ್ರಾನೈಟಿಗೆ ಕಟರ್ ಇಡುವುದು. ಮೇಲಿನ ಮನೆ ಮುಗಿಯಿತೆನ್ನುವಾಗ ಪಕ್ಕದ ಮನೆ. ಇದನ್ನು ಬಲ್ಲ ಅನೇಕ ತಯಾರಕರು ಡಿಟೆಕ್ಟರಿನ ಜೊತೆ ಒಂದು ಪ್ಲಾಸ್ಟಿಕ್ ಟೋಪಿ ಕೊಡುತ್ತಾರೆ, ಕೆಲಸ ಮುಗಿಯುವವರೆಗೆ ಹಾಕಿಡಲು. ಟೋಪಿ ಹಾಕದಿದ್ದರೆ ಧೂಳು ಒಳಗೆ. ಹಾಕಿದ ಟೋಪಿ ತೆಗೆಯಲು ಮರೆತರೆ ಡಿಟೆಕ್ಟರ್ ಕುರುಡು. ಅದಕ್ಕೆ ಧೂಳೂ ಇಲ್ಲ, ಹೊಗೆಯೂ ಇಲ್ಲ. ಪಟ್ಟಿಯಲ್ಲಿ ಅದರ ಅಂಕಿ ಎಲ್ಲಕ್ಕಿಂತ ಸೊಗಸಾಗಿರುತ್ತದೆ! ಆದ್ದರಿಂದ ಪಟ್ಟಿಯ ಜೊತೆ ಕಣ್ಣೂ ಓಡಬೇಕು.

ಕೊಳೆಯಾದದ್ದಕ್ಕೆ ಮದ್ದು ಸರಳ. ಹೊರಗಿನ ಸೀಳುಗಳಿಗೆ ವ್ಯಾಕ್ಯೂಮ್ ಹಿಡಿಯುವುದು, ತಯಾರಕರು ಒಪ್ಪಿದರೆ ಬಿಚ್ಚಿ ಒಳಗೋಡೆಗೆ ಒಣಗಾಳಿ ಊದುವುದು, ಕೆಲವು ಮಾದರಿಗಳಲ್ಲಿ ಒಳಗಿನ ಕಪ್ಪು ಕೋಣೆಯನ್ನೇ ಬದಲಿಸುವುದು. ಶುಚಿಗೊಳಿಸಿದ ಮೇಲೆ ಮತ್ತೆ ಅಳೆಯಬೇಕು. ಸಂಖ್ಯೆ ತನ್ನ ಮಿತಿಗೆ ಮರಳದಿದ್ದರೆ ಹೊಸ ಡಿಟೆಕ್ಟರೇ ಗತಿ.

ಕಾಡಿನಿಂದ ಆಕಾಶದವರೆಗೆ

ಧೂಳಿನ ಜೊತೆಗಿನ ಈ ಜಟಾಪಟಿ ಮನುಷ್ಯನನ್ನು ಎಲ್ಲೆಲ್ಲಿಗೆ ಕರೆದೊಯ್ದಿದೆ! ಆಸ್ಟ್ರೇಲಿಯದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್ಐಆರ್‌ಒದ ವಿಜ್ಞಾನಿಗಳು ಕಾಡ್ಗಿಚ್ಚಿನ ಹೊಗೆಯನ್ನು ಅಧ್ಯಯನ ಮಾಡಲು ಬಳಸಿದ ಬೆಳಕಿನ ಉಪಕರಣ, 1970ರ ದಶಕದಲ್ಲಿ ಟೆಲಿಫೋನ್ ಎಕ್ಸ್‌ಚೇಂಜುಗಳ ಕಾವಲಿಗೆ ಹೊರಳಿ, ಕೊನೆಗೆ ವೆಸ್ಡಾ ಎಂಬ ವ್ಯವಸ್ಥೆಯಾಯಿತು. ಇದು ಹೊಗೆ ಬರಲೆಂದು ಕಾಯುವುದಿಲ್ಲ; ಕೊಳವೆಗಳ ಮೂಲಕ ಕೋಣೆಯ ಗಾಳಿಯನ್ನು ತಾನೇ ಎಳೆದುಕೊಂಡು, ಸೋಸಿ, ಲೇಸರ್ ಹಾಯಿಸಿ ನೋಡುತ್ತದೆ. ಸೋಸಿದ ಗಾಳಿಯಲ್ಲಿ ಒಂದು ಪಾಲನ್ನು ಇನ್ನೂ ನುಣ್ಣಗೆ ಸೋಸಿ, ತನ್ನ ಮಸೂರಗಳ ಮುಂದೆ ಶುದ್ಧ ಗಾಳಿಯ ಪರದೆ ಕಟ್ಟಿಕೊಳ್ಳುತ್ತದೆ, ಧೂಳು ಮುಟ್ಟದಂತೆ! ಡೇಟಾ ಸೆಂಟರುಗಳ ಕಾವಲಿಗೆ ಇಂದು ಇದೇ ಬಗೆಯ ವ್ಯವಸ್ಥೆ. ಇನ್ನೊಂದು ಕಡೆ ಒಂದೇ ಡಿಟೆಕ್ಟರಿನಲ್ಲಿ ನೀಲಿ ಮತ್ತು ಅವಗೆಂಪು ಎರಡು ಬೆಳಕು ಇಟ್ಟು, ಕಣದ ಗಾತ್ರವನ್ನೇ ಊಹಿಸುವ ಮಾದರಿಗಳು ಬಂದಿವೆ. ಸಣ್ಣ ಕಣ ನೀಲಿಯನ್ನು ಹೆಚ್ಚು ಚದುರಿಸುತ್ತದೆ. ಹೊಗೆಯ ಕಣ ಬಹುಪಾಲು ಒಂದು ಮೈಕ್ರಾನಿಗಿಂತ ಚಿಕ್ಕದು, ಧೂಳಿನದ್ದು ದೊಡ್ಡದು. ಎರಡು ಬಣ್ಣಗಳ ಪಾಲು ನೋಡಿದರೆ ಬಂದವರು ಯಾರೆಂದು ತಿಳಿಯುತ್ತದೆ.

ಅಂತರಿಕ್ಷ ನಿಲ್ದಾಣದ ಪಾಡು ಕೇಳಿದರಂತೂ ಬೆರಗೋ ಬೆರಗು. ಅಲ್ಲಿ ಬಿಸಿ ಹೊಗೆ ಮೇಲೇರುವುದಿಲ್ಲ, ಏಕೆಂದರೆ ಮೇಲೆ ಎಂಬುದೇ ಇಲ್ಲ! ಧೂಳು ಕೆಳಗಿಳಿಯುವುದೂ ಇಲ್ಲ, ಏಕೆಂದರೆ ಕೆಳಗೆ ಎಂಬುದೂ ಇಲ್ಲ. ಎಲ್ಲವೂ ತೇಲುತ್ತಲೇ ಇರುತ್ತದೆ. ಅದಕ್ಕೇ ಅಲ್ಲಿನ ಡಿಟೆಕ್ಟರುಗಳನ್ನು ಗಾಳಿ ಹರಿಯುವ ದಾರಿಯಲ್ಲಿ ಇಡುತ್ತಾರೆ, ಮತ್ತು ಅದಕ್ಕೇ ಧೂಳು ತಾಗಿ ಅವು ಸುಳ್ಳೇ ಕೂಗಿದ್ದೂ ಉಂಟು. ಭೂಮಿಯನ್ನು ತೊಂಬತ್ತು ಚಿಲ್ಲರೆ ನಿಮಿಷಕ್ಕೊಮ್ಮೆ ಸುತ್ತುವ ಗಗನಯಾತ್ರಿಗಳಿಗೂ ವ್ಯಾಕ್ಯೂಮ್ ಹಿಡಿದು ಧೂಳು ತೆಗೆಯುವ ಕೆಲಸ ತಪ್ಪಿಲ್ಲ! ಅದಕ್ಕೂ ಮೊದಲಿನ ಸ್ಪೇಸ್ ಷಟಲ್ಲಿನ ಡಿಟೆಕ್ಟರಿನಲ್ಲಿ ದೊಡ್ಡ ಕಣಗಳನ್ನು ದಾರಿಯಲ್ಲೇ ಬೇರ್ಪಡಿಸಿ ಸಣ್ಣವನ್ನು ಮಾತ್ರ ಒಳಬಿಡುವ ಏರ್ಪಾಡಿತ್ತು.

ಕೂಗಿದರೂ ಕೇಳದ ಕಿವಿ

ಇಷ್ಟೆಲ್ಲ ಏಕೆ? ಒಂದು ಸುಳ್ಳು ಅಲಾರಂ ಹೊಡೆದರೆ ಏನು ಮಹಾ ನಷ್ಟ? ನಷ್ಟ ನಮ್ಮ ಕಿವಿಯಲ್ಲಿ ಆಗುತ್ತದೆ. 2000ನೇ ಇಸವಿಯ ಜನವರಿ 19ರ ನಸುಕಿನಲ್ಲಿ ಅಮೆರಿಕದ ನ್ಯೂಜೆರ್ಸಿಯ ಸೆಟನ್ ಹಾಲ್ ವಿಶ್ವವಿದ್ಯಾಲಯದ ಹಾಸ್ಟೆಲಿಗೆ ಬೆಂಕಿ ಬಿತ್ತು. ಅಲಾರಂ ಸರಿಯಾಗಿಯೇ ಕೂಗಿತು. ಹಿಂದಿನ ಕೆಲವೇ ತಿಂಗಳಲ್ಲಿ ಹತ್ತಾರು ಸುಳ್ಳು ಅಲಾರಂ ಕೇಳಿದ್ದ ಎಷ್ಟೋ ಹುಡುಗರು, ಇದೂ ಅಂಥದ್ದೇ ಎಂದು ಹಾಸಿಗೆ ಬಿಟ್ಟೇಳಲಿಲ್ಲ. 3 ವಿದ್ಯಾರ್ಥಿಗಳು ಸತ್ತರು. ಸುಳ್ಳು ಅಲಾರಮ್ಮಿಗೆ ಕಾರಣ ಕಿಡಿಗೇಡಿತನವೋ ಧೂಳೋ, ನಿದ್ದೆಗಣ್ಣಿನ ಕಿವಿಗೆ ಅದು ಒಂದೇ.

ಹೊಗೆ ಎಷ್ಟು ಬೇಗ ಕಟ್ಟಡವನ್ನು ನುಂಗುತ್ತದೆ ಎಂಬುದನ್ನು ಬೆಂಗಳೂರು ಕಣ್ಣಾರೆ ಕಂಡಿದೆ. 2010ರ ಫೆಬ್ರುವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ತರು. ಉಸಿರುಗಟ್ಟಿಸುವ ಹೊಗೆ ತಾಳಲಾರದೆ ಕೆಲವರು ಮೇಲಿನ ಮಹಡಿಗಳಿಂದ ಜಿಗಿದರು. ಅಂಥ ಹೊತ್ತಿನಲ್ಲಿ ಎರಡು ನಿಮಿಷ ಮೊದಲು ಸಿಕ್ಕ ಎಚ್ಚರಿಕೆಗೆ ಬೆಲೆ ಕಟ್ಟುವವರು ಯಾರು?

ಕಾಟ ತಾಳಲಾರದೆ ನಾವು ಮಾಡುವುದೇನು? ಪದೇ ಪದೇ ಕೂಗುವ ಡಿಟೆಕ್ಟರಿಗೆ ಪಾಲಿಥೀನ್ ಕವರ್ ಕಟ್ಟುತ್ತೇವೆ. ಪ್ಯಾನೆಲ್ಲಿನಲ್ಲಿ ಆ ವಿಳಾಸವನ್ನೇ ಡಿಸೇಬಲ್ ಮಾಡಿಸುತ್ತೇವೆ. ಸೆಕ್ಯೂರಿಟಿಯವರಿಗೆ ಹೂಟರ್ ಸೈಲೆನ್ಸ್ ಮಾಡುವ ಗುಂಡಿಯೊಂದೇ ಚೆನ್ನಾಗಿ ಗೊತ್ತಿರುತ್ತದೆ. ಅದು ಕೂಗಿದ್ದು ತನ್ನ ಕೊಳೆ ತೆಗೆಯಿರೆಂದು. ನಾವು ಮುಚ್ಚಿದ್ದು ಅದರ ಬಾಯಿಯನ್ನು.

ಹಾಗಾಗಿ ಅಪಾರ್ಟ್‌ಮೆಂಟ್ ಸಂಘದವರಿಗೆ, ಶಾಲೆ, ಆಸ್ಪತ್ರೆ, ಲಾಡ್ಜ್, ಕಲ್ಯಾಣಮಂಟಪ ನಡೆಸುವವರಿಗೆ ಒಂದು ಮಾತು. ಮುಂದಿನ ಸಲ ಎಎಂಸಿಯವರು ಬಂದಾಗ ಅಲಾರಂ ಹೊಡೆಯುತ್ತದೆಯೇ ಎಂದಷ್ಟೇ ಕೇಳಿ ಸಹಿ ಹಾಕಬೇಡಿ. ಪ್ರತಿ ಡಿಟೆಕ್ಟರಿನ ಧೂಳಿನ ಮಟ್ಟದ ಪಟ್ಟಿ ತೆಗೆಸಿ. ಹೋದ ವರ್ಷದ ಪಟ್ಟಿಯನ್ನು ಪಕ್ಕಕ್ಕಿಟ್ಟು, ಯಾವುದು ಬೇಗ ಏರಿದೆ, ಯಾವುದು ಕುಸಿದಿದೆ ಎಂದು ನೋಡಿ. ಮಿತಿಗೆ ಬಂದದ್ದನ್ನು ಶುಚಿ ಮಾಡಿಸಿ ಮತ್ತೆ ಅಳೆಸಿ, ಇಲ್ಲವೇ ಬದಲಿಸಿ. ಇಂಟೀರಿಯರ್ ಕೆಲಸ ಮುಗಿದ ಮನೆಯಲ್ಲಿ ಟೋಪಿ ತೆಗೆದಿದ್ದಾರೆಯೇ ಎಂದು ಕಣ್ಣಾರೆ ನೋಡಿ. ನಿಮ್ಮ ಪ್ಯಾನೆಲ್ ಅಂಕಿ ತೋರಿಸದ ಹಳೆಯ ಬಗೆಯದಾಗಿದ್ದರೆ ಅಳತೆಯ ಹೊಗೆಯ ಪರೀಕ್ಷೆಯನ್ನೋ ತಯಾರಕರ ಮೀಟರನ್ನೋ ಒಪ್ಪಂದದಲ್ಲೇ ಬರೆಸಿ. ಧೂಳಿನ ಲೆಕ್ಕವನ್ನು ಯಂತ್ರ ಹಗಲಿರುಳು ಪುಕ್ಕಟೆ ಬರೆದಿಡುತ್ತಿದೆ. ಅದನ್ನು ಓದುವ ಕೆಲಸ ಮಾತ್ರ ನಮ್ಮದು.